ಬಾಗಬಾರದು

ಬಸ್ಸಿನಲ್ಲಿ ಸೊಸೆ ತನ್ನನ್ನು ಹಿಂದಿನ ಸೀಟಿಗೆ ಕಳಿಸಿದ್ದು ಬೇಕೆಂದೇ ಎಂದು ಮುದುಕನಿಗೆ ಅನಿಸಿತು. ಮುಂದೆ ಮೊಮ್ಮಗಳನ್ನು ನಡುವೆ ಕೂರಿಸಿಕೊಂಡರೆ ಮೂವರಿಗೂ ಜಾಗವಿತ್ತು. 'ಮಾವ, ನೀವು ಅಲ್ಲಿ ಆರಾಮಾಗಿ ಕೂತ್ಕೊಳ್ಳಿ' ಎಂದಿದ್ದಳು. ಆರಾಮ ಎಂಬ ಮಾತನ್ನು ಅವಳು ಆಡುವ ರೀತಿ ಕೇಳಿದರೆ ಎಂಥವನಿಗೂ ತನ್ನ ಕೈಕಾಲು ಬಿದ್ದುಹೋಗಿವೆಯೇನೋ ಎಂಬ ಸಂಶಯ ಬರಬೇಕು. ಅವನು ಕೂರಲಿಲ್ಲ. ಬದುಕೆಲ್ಲ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವನು. ಕಂಬಿ ಹಿಡಿಯದೆ, ಭಾರವನ್ನು ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ ದಾಟಿಸುತ್ತ ನಿಲ್ಲುವುದನ್ನು ಅವನ ಕಾಲು ಇನ್ನೂ ಮರೆತಿರಲಿಲ್ಲ. ನಿಂತಲ್ಲಿಂದ ಮೊಮ್ಮಗಳ ಕತ್ತಿನ ಹಿಂಭಾಗ ಕಾಣುತ್ತಿತ್ತು. ಎರಡು ಜಡೆಗಳ ನಡುವೆ ಬಿಟ್ಟ ಆ ಬಿಳಿಯ ಬೈತಲೆ, ಅದರ ಕೆಳಗೆ ಬೆರಳಿನಷ್ಟು ಸಣ್ಣ ಕುತ್ತಿಗೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಸೊಸೆ ಮಗುವಿನ ಸೊಂಟದ ಸುತ್ತ ತೋಳು ಹಾಕಿ ಸೀಟಿನಿಂದ ಕೂದಲೆಳೆಯಷ್ಟು ಮೇಲೆತ್ತುವಳು. ಉಬ್ಬು ದಾಟಿದ ಮೇಲೆ ಹಿಂದಿರುಗಿ ಅವನನ್ನು ನೋಡುವಳು, ಆ ಉಬ್ಬುಗಳನ್ನೆಲ್ಲ ಅವನೇ ಬೆಳಗ್ಗೆ ಎದ್ದು ಹಾಕಿಸಿ ಬಂದವನೋ ಎಂಬ ಹಾಗೆ.

ಹುಡುಗ ಕಂಡಕ್ಟರ್ ಬಂದ. ಸೊಸೆ ಎರಡೂವರೆ ಟಿಕೆಟ್ ಕೇಳಿದಳು. ಅವನು ಮಗುವನ್ನು ನೋಡಿ, 'ಪಾಪುಗೆ ಬೇಡ ಬಿಡಿ' ಎಂದು ಮುಂದೆ ಹೋಗುವವನಿದ್ದ. 'ಪಾಪು ಅಂತ ಯಾರಿಗಂದ್ರಿ?' ಎಂದಳು ಮೊಮ್ಮಗಳು. 'ನಂಗೆ ಒಂಬತ್ತು. ಅರ್ಧ ಟಿಕೆಟ್ ಕೊಡಿ.' ಬಸ್ಸಿನವರು ನಕ್ಕರು. ಹುಡುಗನೂ ನಕ್ಕು, 'ಒಂಬತ್ತು ತಿಂಗಳಾ?' ಎಂದ. ಮೆಣಸು ಸುಮ್ಮನಿರುವವಳಲ್ಲ, ಆ ಹೆಸರನ್ನು ಅಜ್ಜಿ ಇಟ್ಟದ್ದೇ ಅದಕ್ಕೆ. 'ಒಂಬತ್ತು ತಿಂಗಳಾಗಿರೋದು ನಿಮ್ಮ ಮೀಸೆಗೆ' ಎಂದಳು. ಮುದುಕನಿಗೂ ನಗು ಬಂತು, ಪೂರ್ತಿ ನಗಲಾಗಲಿಲ್ಲ. ತಾನೂ ಕೆಲಸದಲ್ಲಿದ್ದಾಗ ಮಕ್ಕಳ ವಯಸ್ಸು ಕದಿಯುವ ತಾಯಂದಿರನ್ನು ಎಷ್ಟು ಬಾರಿ ಹಿಡಿದಿದ್ದ. ಮಗುವನ್ನು ಎಬ್ಬಿಸಿ ನಿಲ್ಲಿಸಿ, ಸೀಟಿನ ಬೆನ್ನಿಗೆ ತಲೆ ತಾಗುತ್ತದೆಯೇ ನೋಡು ಎಂದು ಎಲ್ಲರೆದುರು ಅಳೆದು, ಆ ತಾಯಂದಿರ ಮುಖ ಕೆಂಪಾಗುವುದನ್ನು ಒಂದು ಬಗೆಯ ತೃಪ್ತಿಯಿಂದ ನೋಡಿದ್ದ. ಅವರಲ್ಲಿ ಯಾರಾದರೂ ನಿಜ ಹೇಳಿದ್ದರೋ ಏನೋ. ಈಗ ಆ ಹುಡುಗ ಟಿಕೆಟ್ ಹರಿದು ಮೊಮ್ಮಗಳ ಕೈಗೇ ಕೊಟ್ಟ. ಅವಳು ಅದನ್ನು ಗೆದ್ದ ಪದಕದಂತೆ ಹಿಂದಕ್ಕೆ ತಿರುಗಿ ತಾತನಿಗೆ ತೋರಿಸಲು ಹೋದಳು; ಅರ್ಧ ತಿರುಗಿದವಳು ತುಟಿ ಕಚ್ಚಿ ಹಾಗೆಯೇ ಮತ್ತೆ ಮುಂದೆ ನೋಡಿದಳು. ಬೆನ್ನಿನ ನೋವು. ಸೊಸೆ ಅವನತ್ತ ನೋಡಲಿಲ್ಲ. ನೋಡದೆ ಇರುವುದರಲ್ಲೂ ಒಂದು ಏಟು ಇರುತ್ತದೆ.

ಬೆಳಗ್ಗೆ ಅವಳು ಹೇಳಿದ್ದಿಷ್ಟೇ: 'ಇವತ್ತಿನ ಪರೀಕ್ಷೇಲಿ ಬೆನ್ನಲ್ಲಿ ಏನಾದ್ರೂ ಕಾಣಿಸ್ತು ಅಂದ್ರೆ ನಿಮ್ಮ ಸಂಜೆ ಪ್ರಾರ್ಥನೆಗೆ ಅವಳು ಬರಲ್ಲ ಮಾವ. ನಾನು ಇಷ್ಟೇ ಹೇಳೋದು.' ಮಗ ಪಾಳಿಗೆ ಹೊರಟವನು ಕಾಲುಚೀಲ ಹುಡುಕುತ್ತಿದ್ದ. ಕಾಲುಚೀಲ ಅವನ ಕೈಯಲ್ಲೇ ಇತ್ತು. 'ಅಪ್ಪ, ಸ್ವಲ್ಪ ದಿನ ಅಕ್ಕನ ಮನೆಗೆ ಹೋಗಿ ಬರ್ತೀಯಾ? ನಿಂಗೂ ಗಾಳಿ ಬದಲಾದ ಹಾಗಾಗುತ್ತೆ' ಎಂದ. ಗಾಳಿಯಂತೆ. ಹೆಂಡತಿ ಸತ್ತ ಮೇಲೆ ಈ ಮನೆಯಲ್ಲಿ ಮುದುಕನಿಗೆ ಉಳಿದದ್ದು ಸಂಜೆಯ ಆ ಒಂದು ಗಳಿಗೆ. ಗೋಡೆಯ ಗೂಡಿನಲ್ಲಿ ದೀಪ ಹಚ್ಚಿ, ಮೊಮ್ಮಗಳನ್ನು ಪಕ್ಕದಲ್ಲಿ ಮಂಡಿಯೂರಿಸಿ, ಹೇಳಬೇಕಾದ್ದನ್ನು ಹೇಳಿ, ಇಬ್ಬರೂ ಹಣೆ ನೆಲಕ್ಕೆ ಮುಟ್ಟಿಸುವುದು. ಅವನಪ್ಪ ಅವನಿಗೆ ಕಲಿಸಿದ್ದು ಹಾಗೆಯೇ. ಅರ್ಧ ಬಾಗಿದರೆ ಅದು ನಮಸ್ಕಾರವಲ್ಲ, ನೆಲದ ತಂಪು ಹಣೆಗೆ ತಿಳಿಯಬೇಕು ಎನ್ನುತ್ತಿದ್ದ ಅಪ್ಪ. ಅದನ್ನೇ ಅವನು ಮೊಮ್ಮಗಳಿಗೆ ಹೇಳಿದ್ದ. ಅಜ್ಜಿಗೋಸ್ಕರ ಬಾಗು ಎಂದೂ ಹೇಳಿದ್ದ. ಅವಳು ಬಾಗುತ್ತಿದ್ದಳು, ಪೂರಾ, ಅವನಿಗಿಂತ ಚೆನ್ನಾಗಿ.

ಅದೇ ಮನೆಯಲ್ಲಿ ಸೊಸೆಯದೂ ಒಂದು ಪ್ರಾರ್ಥನೆ ಇತ್ತು. ಮುದುಕ ಅದನ್ನು ಮನಸ್ಸಿನಲ್ಲಿ ಹಾಗೆಯೇ ಕರೆಯುತ್ತಿದ್ದ, ಹೆಂಡತಿ ಬದುಕಿದ್ದಾಗ ಅವಳ ಕಿವಿಯಲ್ಲಿ ಹೇಳಿ ನಗಿಸಲು ನೋಡಿದ್ದ, ಅವಳು ನಕ್ಕಿರಲಿಲ್ಲ. ಹುಟ್ಟಿದ ವಾರದಲ್ಲೇ ಮಗುವಿನ ಕರುಳು ತಿರುಚಿಕೊಂಡು ಕಪ್ಪಾಗಿತ್ತು. ಕತ್ತರಿಸಿ ತೆಗೆದದ್ದು ಹೆಚ್ಚು, ಉಳಿದದ್ದು ಗೇಣಿನಷ್ಟು. ತಿಂದದ್ದು ನಾಲಿಗೆಯ ಸುಖಕ್ಕೆ. ಮೈಗೆ ಹತ್ತುವುದು ಚೀಲದಲ್ಲಿ ಬರುವ ಹಾಲಿನ ಬಣ್ಣದ ನೀರು, ಎದೆಯಲ್ಲಿ ಕೂರಿಸಿದ ಸಣ್ಣ ಕೊಳವೆಯಿಂದ ನೇರ ರಕ್ತಕ್ಕೆ. ದಿನವೂ ಸಂಜೆ ಸೊಸೆ ಅದನ್ನು ಜೋಡಿಸುವಳು. ಅದಕ್ಕೆ ಮೊದಲು ಬಾಗಿಲು ಮುಚ್ಚಬೇಕು, ಫ್ಯಾನು ನಿಲ್ಲಿಸಬೇಕು, ಮೇಜಿಗೆ ಸ್ಪಿರಿಟ್ ಒರೆಸಬೇಕು, ಮೊಣಕೈವರೆಗೆ ಕೈ ತೊಳೆಯಬೇಕು, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸು. ಆ ಕೋಣೆಗೆ ಬೇರೆ ಯಾರೂ ಹೋಗಕೂಡದು. ಮಡಿ ಎಂದರೆ ಏನೆಂದು ತನಗೆ ಗೊತ್ತು ಎಂದುಕೊಂಡಿದ್ದ ಮುದುಕನನ್ನು, ತನ್ನ ಮಗನ ಮನೆಯ ಹಜಾರದಲ್ಲಿ, ಅವನ ದೇವರಿಗಿಂತ ಕಟ್ಟುನಿಟ್ಟಾದ ಒಂದು ಮಡಿ ಹೊರಗೆ ನಿಲ್ಲಿಸಿತ್ತು. ಒಮ್ಮೆ ತಿಳಿಯದೆ ಬಾಗಿಲು ತೆಗೆದು ಕೆಮ್ಮಿದ್ದ. ಅವಳು ಬಿಚ್ಚಿಟ್ಟಿದ್ದ ಸಿರಿಂಜುಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿ ಮೊದಲಿನಿಂದ ಶುರುಮಾಡಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಅವಳ ಕೋಣೆ ಅವಳಿಗೆ, ಅವನ ಗೂಡು ಅವನಿಗೆ. ಮಗು ಎರಡರ ನಡುವೆ ಸಂಜೆ ಹೊತ್ತು ಓಡಾಡುವುದು.

ಆಸ್ಪತ್ರೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಆ ತುದಿಯಲ್ಲಿ ಯಾರೋ ಕಾಲು ಕುಣಿಸಿದರೆ ಈ ತುದಿಯಲ್ಲಿ ಮುದುಕನ ಹಲ್ಲು ಅಲ್ಲಾಡುತ್ತಿತ್ತು. ಎದುರು ಗೋಡೆಯ ಮೇಲೆ ಅಸ್ಥಿಪಂಜರದ ಚಿತ್ರ. ಅದರ ಹಲ್ಲು ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಕಂಡು ಅವನಿಗೆ ಹೊಟ್ಟೆಕಿಚ್ಚಾಯಿತು. ಪಕ್ಕದಲ್ಲಿ ಕುಳಿತ ಹೆಂಗಸು, 'ನಿಮ್ಮ ಮಗು ಏನೂ ತಿನ್ನಲ್ವಾ? ನಮ್ಮದೂ ಹಾಗೇ, ಬೆನ್ನಿಗೆ ಒಂದು ಕೊಟ್ರೆ ತಿನ್ನುತ್ತೆ' ಎಂದಳು. ಸೊಸೆ ಅವಳತ್ತ ತಿರುಗಿ, ಬಹಳ ಮೃದುವಾಗಿ, 'ಹೌದಾ' ಎಂದಳು. ಆ ಹೆಂಗಸು ಎದ್ದು ಬೇರೆ ಕುರ್ಚಿಗೆ ಹೋದಳು. ಆ ಒಂದು ಕ್ಷಣ ಮುದುಕನಿಗೆ ಸೊಸೆ ಇಷ್ಟವಾದಳು. ಇಷ್ಟವಾದದ್ದಕ್ಕೆ ಸಿಟ್ಟು ಬಂತು. ಒಳಗೆ ಮಗುವನ್ನು ಮೇಜಿನ ಮೇಲೆ ಮಲಗಿಸಿದರು. ಮೂಳೆಯ ಗಟ್ಟಿತನ ಅಳೆಯುವ ಒಂದು ಯಂತ್ರದ ತೋಳು ಅವಳ ಮೇಲೆ ಅತ್ತಿಂದಿತ್ತ ನಿಧಾನ ಸಾಗಿತು, ಮೈ ಮುಟ್ಟದೆ, ನೆಲ ಒರೆಸುವವರು ಕೊಠಡಿ ಮುಗಿಸುವಷ್ಟು ಸಾವಧಾನವಾಗಿ. ಆಮೇಲೆ ಇನ್ನೊಂದು ಕೊಠಡಿಯಲ್ಲಿ ಪಕ್ಕಕ್ಕೆ ತಿರುಗಿಸಿ ಬೆನ್ನಿನ ಎಕ್ಸ್‌ರೇ. ಬಾಗಿಲ ಕಂಡಿಯಿಂದ ನೋಡುತ್ತಿದ್ದ ಮುದುಕ ಅಭ್ಯಾಸಬಲದಿಂದ ಬಾಯಲ್ಲಿ ದೇವರ ಹೆಸರು ಹೇಳಲು ಹೊರಟ. ಹೇಳಿ ಏನು ಕೇಳಬೇಕು? ಬೆನ್ನಿನಲ್ಲಿ ಏನೂ ಕಾಣದಿರಲಿ ಎಂದು ಕೇಳಿದರೆ, ಅದು ಮಗುವಿಗಾಗಿಯೋ, ತನ್ನ ಸಂಜೆಗಾಗಿಯೋ? ಕೇಳುವವನಿಗೇ ಗೊತ್ತಾಗದ್ದನ್ನು ಕೇಳಿಸಿಕೊಳ್ಳುವವನು ಬಲ್ಲ. ಅದಕ್ಕೇ ಹೆದರಿ ಅವನು ಬಾಯಿ ಮುಚ್ಚಿದ. ಸ್ಕೂಲು ಶುರುವಾದ ಹೊಸತರಲ್ಲಿ, ಗೂಡಿನ ಮುಂದೆ ಒಂದು ಸಂಜೆ, ಬಾಗಿದವಳು ಏಳುವಾಗ ಮುಖ ಹಿಂಡಿ, 'ತಾತ, ಬೆನ್ನಲ್ಲಿ ಏನೋ ಚುಚ್ತು' ಎಂದಿದ್ದಳು. ದೀಪದಲ್ಲಿ ಎಣ್ಣೆ ಮುಗಿಯುತ್ತ ಬಂದಿತ್ತು. 'ದೇವರ ಮುಂದೆ ದೂರು ಹೇಳಬಾರದಮ್ಮ' ಎಂದಿದ್ದ ಅವನು. ಅವಳು ಹೇಳಲಿಲ್ಲ. ಮರುದಿನ ಬಂದಳು, ಬಾಗಿದಳು, ಅದರ ಮರುದಿನವೂ. ಇದು ಅವನಿಗೆ ಗೊತ್ತು, ಮಗುವಿಗೆ ಗೊತ್ತು, ಗೂಡಿನಲ್ಲಿದ್ದ ಮೂರನೆಯವನಿಗೆ ಗೊತ್ತು. ಸೊಸೆಗೆ ತಿಳಿದದ್ದು ಹೋದ ವಾರ, ಮಗು ಹಾಸಿಗೆಯಿಂದ ಏಳಲಾರದೆ ಅತ್ತಾಗ. ಹಾಗೆಂದು ಅವನು ತಿಳಿದಿದ್ದ.

ಎಲುಬಿನ ಡಾಕ್ಟರು ಹೆಂಗಸು, ತೀರ ಚಿಕ್ಕವಳು. ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟುತ್ತ ಮಾತಾಡುವ ಅಭ್ಯಾಸ. ಆ ಕುಟ್ಟುವಿಕೆಯನ್ನು ಕೇಳಿ ಮುದುಕನಿಗೆ ಅವಳ ಮೇಲೆ ದ್ವೇಷ ಹುಟ್ಟಿತು. ಪರದೆಯ ಮೇಲೆ ಬೆನ್ನಿನ ಚಿತ್ರ ತಂದು, 'ಇವೆಲ್ಲ ಇಟ್ಟಿಗೆ ಥರ ಚೌಕ ಇರ್ಬೇಕು. ಇದೊಂದು ನೋಡಿ, ಮುಂದಗಡೆ ಜಜ್ಜಿದ ಹಾಗೆ ಕುಸಿದಿದೆ' ಎಂದಳು. ನೋಡಿದ. ಸಾಲಿನಲ್ಲಿ ಒಂದು ಮಾತ್ರ, ತುಂಬಿದ ಬಸ್ಸಿನಲ್ಲಿ ಹೆಗಲು ಕುಗ್ಗಿಸಿ ನಿಂತವನ ಹಾಗೆ, ಮುಂದಕ್ಕೆ ಸಣ್ಣದಾಗಿತ್ತು. 'ಬಿದ್ದಿದ್ಳಾ?' ಇಲ್ಲ ಎಂದಳು ಸೊಸೆ. 'ಭಾರ ಎತ್ತಿದ್ಳಾ? ಪಲ್ಟಿ ಹೊಡೆಯೋದು, ತುಂಬಾ ಮುಂದಕ್ಕೆ ಬಗ್ಗೋದು, ಅಂಥದ್ದೇನಾದ್ರೂ?' ಕೊಠಡಿಯಲ್ಲಿ ಪೆನ್ನು ಕುಟ್ಟುವುದು ನಿಂತಿತು. ಮುದುಕ ತನ್ನ ಚಪ್ಪಲಿಯ ಪಟ್ಟಿ ನೋಡಿದ. ಹೇಳು ಎಂದು ತನಗೇ ಹೇಳಿಕೊಂಡ. ಬಗ್ಗಿ ಆ ಪಟ್ಟಿಯನ್ನು ಸರಿಮಾಡಿಕೊಂಡ. ಆಗ ಮೆಣಸು, 'ನಾನು ಬಗ್ತೀನಿ. ಮಂಚದ ಕೆಳಗೆ ಬೆಕ್ಕು ಹುಡುಕ್ತೀನಿ' ಎಂದಳು.

'ಬೆಕ್ಕು ಸಾಕಿದೀರಾ?' ಡಾಕ್ಟರಿಗೆ ಗಾಬರಿಯಾಯಿತು. 'ಎದೇಲಿ ಇಂಥ ಲೈನ್ ಇರೋ ಮಕ್ಕಳ ಮನೇಲಿ—'

'ಬೆಕ್ಕಿಲ್ಲ' ಎಂದಳು ಸೊಸೆ.

'ಅದಕ್ಕೇ ಎಷ್ಟು ಹುಡುಕಿದ್ರೂ ಸಿಗಲ್ಲ' ಎಂದಳು ಮೆಣಸು.

ಡಾಕ್ಟರು ನಕ್ಕಳು. ಯಾರೂ ಜೊತೆಗೆ ನಗದಿದ್ದರಿಂದ ನಿಲ್ಲಿಸಿದಳು. 'ನೋವು ಯಾವಾಗಿಂದ?' ಸೊಸೆ ಕೈಚೀಲದ ಜಿಪ್ಪು ಎಳೆದು, ಮತ್ತೆ ಮುಚ್ಚಿ, 'ಸ್ಕೂಲು ಶುರುವಾದ ಹೊಸತರಿಂದ' ಎಂದಳು. ಮುದುಕ ತಲೆಯೆತ್ತಿದ. ಸ್ಕೂಲು ಶುರುವಾದ ಹೊಸತು ಎಂದರೆ ಅದೇ ಸಂಜೆ. ಎಣ್ಣೆ ಮುಗಿಯುತ್ತಿದ್ದ ಸಂಜೆ. ಹಾಗಾದರೆ ಇವಳಿಗೆ ಗೊತ್ತಿತ್ತು. ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದಳು. ಮಗುವನ್ನು ತನ್ನ ಪಕ್ಕದಲ್ಲಿ ಬಾಗಲು ಕಳಿಸಿ ಬಾಗಿಲಾಚೆ ಸುಮ್ಮನಿದ್ದಳು. ಯಾಕೆ? ಇಂದಿನ ದಿನಕ್ಕೆ ಕಾದಿದ್ದಳೇ, ತನ್ನನ್ನು ಹಿಡಿಯಲು? ಡಾಕ್ಟರು ಏನೇನೋ ಹೇಳುತ್ತಿದ್ದಳು. ಕರುಳು ಹೀರದಿದ್ದರೆ ಮೂಳೆ ಹಸಿದೇ ಇರುತ್ತದೆ, ಇಂಥ ಮಕ್ಕಳಲ್ಲಿ ಇದು ಆಗುತ್ತದೆ, ಹೀಗಾದದ್ದು ಇಂಥದ್ದರಿಂದಲೇ ಎಂದು ಯಾರೂ ಹೇಳಲಾರರು, ಇಷ್ಟು ತೆಳುವಾದ ಮೂಳೆಗೆ ಜೋರಾದ ಒಂದು ಕೆಮ್ಮು ಸಾಕು. 'ಚೀಲದಲ್ಲಿ ಕ್ಯಾಲ್ಸಿಯಂ ಜಾಸ್ತಿ ಮಾಡಕ್ಕಾಗಲ್ವಾ ಡಾಕ್ಟ್ರೇ?' ಎಂದು ಸೊಸೆ ಕೇಳಿದಳು. 'ಅಲ್ಲೇ ಇರೋದು ಕಷ್ಟ. ಕ್ಯಾಲ್ಸಿಯಂ ಬೇಕು, ಫಾಸ್ಫರಸ್ಸೂ ಬೇಕು, ಮೂಳೆ ಅಂದ್ರೆ ಅವೆರಡೇ. ಆದ್ರೆ ಒಂದೇ ಚೀಲದಲ್ಲಿ ಎರಡೂ ಜಾಸ್ತಿ ಆದ್ರೆ ಮರಳಿನ ಥರ ಗಟ್ಟಿ ಕಟ್ಕೊಳ್ಳುತ್ತೆ. ಅದು ರಕ್ತಕ್ಕೆ ಹೋಗಬಾರದು. ಅದಕ್ಕೆ ಅಳತೆ ಮೀರಲ್ಲ.' ಮೈಯೊಳಗೆ ಕೂಡಿದರೆ ಎಲುಬು, ಚೀಲದಲ್ಲಿ ಕೂಡಿದರೆ ಕಲ್ಲು. ಇದನ್ನು ಹೀಗೆ ಏರ್ಪಾಡು ಮಾಡಿದವನ ಮುಂದೆ ತಾನು ಇಷ್ಟು ಕಾಲ ಹಣೆ ಉಜ್ಜಿದೆನಲ್ಲ ಎಂದು ಮುದುಕನಿಗೆ ಅನಿಸಿತು. ಅನಿಸಿದ ಕೂಡಲೇ ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. 'ನಡೀಲಿ, ನಿಂತ್ಕೊಳ್ಳಲಿ, ಅದೆಲ್ಲ ಒಳ್ಳೇದು' ಎಂದಳು ಡಾಕ್ಟರು. 'ಮುಂದಕ್ಕೆ ಮಾತ್ರ ಬಾಗಬಾರದು. ಬೆನ್ನಿಗೆ ಹಾಕೋ ಬೆಲ್ಟಿಗೆ ಅಳತೆ ತಗೋತೀವಿ, ಮುಂದಿನ ವಾರ ಬರುತ್ತೆ. ಅಲ್ಲೀವರೆಗೆ ಕೂತಾಗ ಬೆನ್ನು ನೇರ ಇರೋ ಹಾಗೆ ನೋಡ್ಕೊಳ್ಳಿ. ರಕ್ತದ ರಿಪೋರ್ಟ್ ಬಂದ್ಮೇಲೆ ಮೂಳೆಗೆ ಔಷಧಿ ಯೋಚನೆ ಮಾಡೋಣ.'

ರಕ್ತ ತೆಗೆಯಲು ನರ್ಸು ಮಗುವನ್ನು ಒಳಗೆ ಕರೆದುಕೊಂಡು ಹೋದಳು. 'ಅಮ್ಮ ಬರೋದು ಬೇಡ, ಅವಳು ಬಂದ್ರೆ ನಂಗೆ ಅಳು ಬರುತ್ತೆ' ಎಂದು ಮೆಣಸು ತಾನೇ ಅಂಗಿಯ ತೋಳು ಮಡಚಿಕೊಂಡು ಹೋದಳು. ಹೊರಗೆ ಇಬ್ಬರೂ ಉಳಿದರು. ಗೋಡೆಗೆ ಹಾಕಿದ ಹಸಿರು ಬಣ್ಣ ಕೈ ಒರಗಿದಲ್ಲೆಲ್ಲ ಸವೆದು ಹೊಳೆಯುತ್ತಿತ್ತು.

'ನಿಂಗೊಂದು ಮಾತು ಹೇಳ್ಬೇಕು' ಎಂದ ಮುದುಕ.

'ಬೇಡ ಮಾವ.'

'ಒಂದಿನ ಬಗ್ಗಿ ಏಳುವಾಗ ಅವಳು—'

'ಬೆನ್ನಲ್ಲಿ ಚುಚ್ತು ಅಂದ್ಳು. ದೇವರ ಮುಂದೆ ದೂರು ಹೇಳಬಾರದು ಅಂದ್ರಿ. ಅವತ್ತೇ ಹೇಳಿದ್ಳು ನಂಗೆ, ಚೀಲ ಜೋಡಿಸುವಾಗ.'

'ಗೊತ್ತಿದ್ದೂ ಕಳಿಸಿದ್ಯಾ?' ಅವನ ಧ್ವನಿ ಏರಿತು. ತಪ್ಪೊಪ್ಪಲು ಬಾಯಿ ತೆಗೆದವನಿಗೆ ಆಪಾದನೆ ಹೊರಿಸುವ ಅವಕಾಶ ಸಿಕ್ಕಿತ್ತು. ಅದು ಎಷ್ಟು ಸಿಹಿಯಾಗಿತ್ತೆಂದರೆ ಅವನಿಗೇ ನಾಚಿಕೆಯಾಯಿತು. 'ತಾಯಾಗಿ ನೀನು—'

'ಕೇಳಿ, ಜೋರಾಗಿ ಕೇಳಿ, ಎಲ್ರೂ ಕೇಳಿಸ್ಕೊಳ್ಳಲಿ.' ಅವಳು ಅವನತ್ತ ತಿರುಗಿರಲಿಲ್ಲ. ಹಸಿರು ಗೋಡೆಗೆ ಹೇಳುತ್ತಿದ್ದಳು. 'ನಿಲ್ಲಿಸಿದ್ರೆ ತಾತ ಒಬ್ನೇ ಕೂತು ಅಳ್ತಾನೆ ಅಮ್ಮ, ಹೇಳ್ಬೇಡ ಅಂದ್ಳು. ನಾನು ಸುಮ್ಮನಾದೆ. ನಿಮ್ಮ ಮೇಲಿನ ಕನಿಕರಕ್ಕಲ್ಲ. ಸಂಜೆ ನೀವಿಬ್ರೂ ಆ ಗೂಡಿನ ಮುಂದೆ ಇದ್ರೆ ನಂಗೆ ಒಂದು ಗಳಿಗೆ ಕಣ್ಣು ಮುಚ್ಚೋಕೆ ಸಿಗ್ತಿತ್ತು. ಇಡೀ ದಿನದಲ್ಲಿ ಅದೊಂದೇ. ಅದಕ್ಕೆ ಸುಮ್ಮನಾದೆ. ಸುಮ್ಮನೆ ಬೆನ್ನು ಉಳುಕಿರ್ಬೇಕು ಅಂದ್ಕೊಂಡೆ. ಅಂದ್ಕೊಂಡು ನಿದ್ದೆ ಮಾಡ್ದೆ ಮಾವ. ಆ ಕಡೆ ಅವಳು ಬಗ್ತಿದ್ಳು, ಈ ಕಡೆ ನಾನು ನಿದ್ದೆ ಮಾಡ್ತಿದ್ದೆ. ಈಗ ನಿಮ್ಮ ಮುಖ ನೋಡಿದ್ರೆ ನಂಗಾಗಲ್ಲ.'

ಒಳಗಿನಿಂದ ಮೆಣಸು ನರ್ಸಿಗೆ, ಎಡಗೈ ನರ ಮೋಸಗಾರ, ಬಲಗೈ ಹಿಡೀರಿ ಎಂದು ಹೇಳುವುದು ಕೇಳಿಸಿತು. ಮುದುಕ, 'ತಪ್ಪು ನಂದು. ನಿಂದೇನಿಲ್ಲ. ಎಲ್ಲಾ ನನ್ನ ತಲೆ ಮೇಲಿರ್ಲಿ' ಎಂದ. ದೊಡ್ಡ ಮಾತು ಆಡಿದೆ ಎನಿಸಿತು. ಅವಳ ಮುಖ ಮೆತ್ತಗಾದೀತೆಂದು ಕಾದ.

'ಹಾಗನ್ಬೇಡಿ!' ಅವಳು ಈಗ ತಿರುಗಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. 'ಎಲ್ಲಾ ನಂದೇ ಅಂತ ಗಂಟು ಕಟ್ಕೊಂಡು ಹೋಗ್ತೀರಿ, ದೇವರ ಮುಂದೆ ಇಡ್ತೀರಿ, ಅತ್ತು ಹಗುರ ಆಗ್ತೀರಿ. ನಂದನ್ನೂ ಸೇರಿಸ್ಕೊಂಡು ಹೋದ್ರೆ ನಂಗೇನುಳೀತು? ನಾನೆಲ್ಲಿ ಇಡ್ಲಿ? ನಿಮ್ಮ ಪಾಲಿಗೆ ಎಷ್ಟೋ ಅಷ್ಟೇ ತಗೊಳ್ಳಿ.'

ಹಿಂದಿರುಗುವಾಗ ಬಸ್ಸಿನಲ್ಲಿ ಮೆಣಸು ಮುಂಗೈಯ ಹತ್ತಿಯನ್ನು ಒತ್ತಿ ಹಿಡಿದು, ಕಿಟಕಿಯಾಚೆ ಹೋಗುವ ಅಂಗಡಿಗಳ ಹೆಸರನ್ನು ಒಂದೊಂದಾಗಿ ಓದುತ್ತಿದ್ದಳು. ಈ ಸಲ ಮುದುಕ ಹೇಳಿಸಿಕೊಳ್ಳದೆ ಹಿಂದಿನ ಸೀಟಿನಲ್ಲಿ ಕೂತ.

ಸಂಜೆ ಅವನು ಗೂಡಿನ ಮುಂದೆ ದೀಪ ಹಚ್ಚಿದ. ಮಂಡಿಯೂರಲಿಲ್ಲ. ಪಕ್ಕದ ಜಾಗದಲ್ಲಿ ಮಗುವಿನ ಮಂಡಿಗಳು ಇಷ್ಟು ದಿನ ಒತ್ತಿದ್ದ ಚಾಪೆ ಎರಡು ಕಡೆ ಸ್ವಲ್ಪ ತಗ್ಗಾಗಿತ್ತು. ಹೆಂಡತಿ ಸಾಯುವ ಮುಂಚಿನ ವಾರ, ಬಾಯಿ ಒಣಗಿ ಮಾತು ಹೊರಡದಿದ್ದಾಗ, ಮೆಣಸನ್ನು ಹತ್ತಿರ ಕರೆದು ಅವಳ ಎದೆಯ ಕೊಳವೆಯ ಮೇಲೆ ಬಟ್ಟೆ ಸರಿಮಾಡಿದ್ದಳು. ಮಾಡಿದ ಕೊನೆಯ ಕೆಲಸ ಅದೇ ಇರಬೇಕು. ಆ ಕೈಯನ್ನು ಕಿತ್ತುಕೊಂಡವನು ನೀನು. ಈ ಬೆನ್ನನ್ನು ಜಜ್ಜಿದವನೂ ನೀನು, ಅದಕ್ಕೆ ನನ್ನ ಬಾಯಿಂದಲೇ ಅಪ್ಪಣೆ ಹೊರಡಿಸಿದೆ. ಹೀಗೆಂದು ಅವನು ದೇವರಿಗೆ ಗಟ್ಟಿಯಾಗಿ ಹೇಳಲಿಲ್ಲ. ಆದರೆ ಬಾಗಲೂ ಇಲ್ಲ. ಬಸ್ಸಿನಲ್ಲಿ ಟಿಕೆಟ್ ಇಲ್ಲದವನ ಎದುರು ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತು ಆ ದೀಪವನ್ನೇ ನೋಡಿದ. ನಿನ್ನ ಪಾಲಿಗೆ ಎಷ್ಟೋ ಅಷ್ಟು ನೀನೂ ತಗೋ ಎಂದ ಮನಸ್ಸಿನಲ್ಲಿ. ಸೊಸೆಯ ಮಾತು ತನ್ನ ನಾಲಿಗೆಗೆ ಬಂದದ್ದು ಅವನಿಗೆ ತಿಳಿಯಿತು.

'ಮಾವ, ಕೈ ತೊಳ್ಕೊಂಡು ಬನ್ನಿ.'

ಮೊದಲು ಅರ್ಥವಾಗಲಿಲ್ಲ. ಅವಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. 'ಅವಳು ಕೂರಕ್ಕಾಗದೆ ಕುಸೀತಾಳೆ. ನನ್ನೆರಡು ಕೈಗೂ ಕೆಲಸ ಇರುತ್ತೆ. ಹಿಂದೆ ಒಬ್ರು ನಿಲ್ಬೇಕು. ನಿಮ್ಮ ಮಗ ಬರೋದು ತಡ.' ಕರೆದದ್ದಕ್ಕೆ ಕಾರಣ ಇಷ್ಟೇ, ಬೇರೇನೂ ತಿಳಿದುಕೊಳ್ಳಬೇಡಿ ಎಂಬಂತೆ ಒಂದೊಂದು ಮಾತನ್ನೂ ಎಣಿಸಿ ಕೊಟ್ಟಳು. ಅವನು ಕೈ ತೊಳೆದು ಬಂದ. 'ಉಗುರಿನ ಸಂದಿ ಆಗಿಲ್ಲ' ಎಂದಳು. ಮತ್ತೆ ತೊಳೆದು ಬಂದ. 'ಮೊಣಕೈವರೆಗೆ ಅಂದ್ರೆ ಮೊಣಕೈವರೆಗೆ.' ಮತ್ತೆ ಹೋದ. ಸಾಬೂನಿನ ನೊರೆಯಲ್ಲಿ ತನ್ನ ಕೈಗಳು ಬೇರೆ ಯಾರೋ ಮುದುಕನ ಕೈಗಳಂತೆ ಕಂಡವು. ಅವಳು ಬೇಕೆಂದೇ ಮಾಡಿಸುತ್ತಿದ್ದಾಳೆಯೇ, ನಿಜವಾಗಿಯೂ ಕೊಳೆ ಇದೆಯೇ, ಇದು ಅವನಿಗೆ ಎಂದೂ ತಿಳಿಯುವಂತಿರಲಿಲ್ಲ. ಬಂದಾಗ ಅವಳು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಮಾಸ್ಕ್ ಕೊಟ್ಟು, ಬಾಗಿಲು ಮುಚ್ಚಿದಳು. ಫ್ಯಾನು ನಿಂತಿತು. ಸ್ಪಿರಿಟ್ಟಿನ ವಾಸನೆಯಲ್ಲಿ ಕೋಣೆ ತಣ್ಣಗೆ, ಕದಲದೆ ಇತ್ತು. ದೇವರ ಕೋಣೆಯೂ ಇಷ್ಟು ನಿಶ್ಶಬ್ದವಾಗಿರುವುದನ್ನು ಅವನು ಕಂಡಿರಲಿಲ್ಲ. ಮೆಣಸು ಸ್ಟೂಲಿನ ಮೇಲೆ ಮಾಸ್ಕ್ ಹಾಕಿ ಕೂತಿದ್ದಳು. ಕಣ್ಣಲ್ಲೇ ನಕ್ಕು, 'ತಾತಂಗೆ ಒಳಗೆ ಟಿಕೆಟ್ ಸಿಕ್ತು' ಎಂದಳು.

'ಮಾತು ಬೇಡ' ಎಂದಳು ತಾಯಿ. 'ಮುಖ ಆ ಕಡೆ ತಿರುಗಿಸು. ಮಾವ, ಅವಳು ಬಾಗಬಾರದು. ಆದ್ರೆ ಒತ್ಬೇಡಿ.'

ಅವನು ಹಿಂದೆ ನಿಂತು ಎರಡು ಭುಜಗಳ ಮೇಲೆ ಅಂಗೈ ಇಟ್ಟ. ಹಿಡಿಯಲು ಭಯವಾಯಿತು. ಅಂಗಿಯ ಕೆಳಗೆ ಎಲುಬು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಅದು ಎಷ್ಟರವರೆಗೆ ತಾಳುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಸೊಸೆ ಕೊಳವೆಯ ಮೂತಿಯನ್ನು ಉಜ್ಜತೊಡಗಿದಳು. ಉಜ್ಜುತ್ತ ತುಟಿಯೊಳಗೆ ಏನೋ ಎಣಿಸುತ್ತಿದ್ದಳು, ಮಾಸ್ಕಿನ ಬಟ್ಟೆ ಅಲ್ಲಾಡುತ್ತಿತ್ತು. ಬಾಗಿಲಾಚೆ ಗೂಡಿನ ದೀಪ ಉರಿಯುತ್ತಿತ್ತು. ದಿನವೂ ಇದಕ್ಕೆ ಸ್ವಲ್ಪ ಮುಂಚೆ ಅವರಿಬ್ಬರೂ ಅಲ್ಲಿ ಇರುತ್ತಿದ್ದರು. ಆಗ ಅವನ ಕೈಯ ಕೆಳಗೆ ಏನೋ ಸರಿಯಿತು. ಮಗು ಕಣ್ಣು ಮುಚ್ಚಿದ್ದಳು. ಮೊದಲು ಕುತ್ತಿಗೆ, ಆಮೇಲೆ ಭುಜ, ಅವನು ಕಲಿಸಿದ ಕ್ರಮದಲ್ಲೇ, ಅವಳಿಗೆ ಅರಿವಿಲ್ಲದೆ, ಮುಂದಕ್ಕೆ ಇಳಿಯತೊಡಗಿದವು. ಅಷ್ಟು ಅಂದವಾಗಿ ಯಾರು ಬಾಗುವುದನ್ನೂ ಅವನು ಕಂಡಿರಲಿಲ್ಲ.

ಅವನು ಬಲಗೈಯನ್ನು ಭುಜದಿಂದ ತೆಗೆದು, ಮುಂದೆ ಚಾಚಿ, ಅವಳ ಹಣೆಯ ಎದುರು ಅಡ್ಡ ಹಿಡಿದ. ಹಣೆ ಬಂದು ಅಂಗೈಗೆ ಮುಟ್ಟಿತು. ಬೆಚ್ಚಗಿತ್ತು.

ಸೊಸೆ ಉಜ್ಜುವುದನ್ನು ನಿಲ್ಲಿಸದೆ ಕಣ್ಣೆತ್ತಿ ನೋಡಿದಳು. ಮಾಸ್ಕಿನ ಮೇಲಿನ ಆ ಕಣ್ಣುಗಳಲ್ಲಿ ಬೆಳಗ್ಗೆ ಇದ್ದದ್ದೆಲ್ಲ ಹಾಗೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ.

'ಹಾಗೇ ಇರಿ' ಎಂದಳು. 'ಅಲ್ಲಾಡಬೇಡಿ.'

ಅವನು ಯಾವುದಕ್ಕೂ ಒರಗದೆ, ಭಾರವನ್ನು ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ ದಾಟಿಸುತ್ತ ನಿಂತ.